ಪಕ್ಕದಲ್ಲಿ ನಿಂತವರಿಗೆ ಒಂದು ಮಾತು

ಮಕ್ಕಳೇ, ಎಲ್ಲಾದರೂ ಒಂದು ಅತ್ಯಾಚಾರದ ಸುದ್ದಿ ಬಂತೆಂದರೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಬುದ್ಧಿವಾದ ಶುರುವಾಗುತ್ತದೆ. ಕತ್ತಲಾಗುವ ಮುಂಚೆ ಮನೆ ಸೇರು, ಒಬ್ಬಳೇ ಓಡಾಡಬೇಡ, ದುಪಟ್ಟಾ ಸರಿಯಾಗಿ ಹಾಕಿಕೋ, ಗುರುತಿಲ್ಲದವರ ಜೊತೆ ಮಾತು ಬೇಡ. ಅದೇ ಮನೆಯ ಗಂಡುಮಗ ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿರುತ್ತಾನೆ. ಅವನಿಗೆ ಯಾರೂ ಏನೂ ಹೇಳುವುದಿಲ್ಲ. ಆಯುಷ್ಯದ ಬಹುಪಾಲನ್ನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ ಕಳೆದವಳು ನಾನು. ಈ ವಿಷಯದಲ್ಲಿ ದೊಡ್ಡವರು ನಿಮ್ಮೊಡನೆ ಮನಸ್ಸು ಬಿಚ್ಚಿ ಮಾತಾಡದೇ ಇರುವುದನ್ನು ಕಂಡರೆ ನನಗೆ ಭಯವಾಗುತ್ತದೆ. ಹಾಗಾಗಿ ನಾನೇ ಹೇಳುತ್ತಿದ್ದೇನೆ. ಓದುವಾಗ ಮುಜುಗರವಾದರೂ ಪುಟ ತಿರುವಿಬಿಡಬೇಡಿ.

ನಾವು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಬಸ್ಸು ಹತ್ತುವ ಮುಂಚೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ತೆಗೆದು ಬೆರಳ ಸಂದಿಯಲ್ಲಿ ಹಿಡಿದುಕೊಳ್ಳುತ್ತಿದ್ದೆವು. ನೂಕುನುಗ್ಗಲಿನಲ್ಲಿ ಹಿಂದಿನಿಂದ ಮೈಮೇಲೆ ಬೀಳುವವನಿಗೆ ಚುಚ್ಚುವುದಕ್ಕೆ. ನಮ್ಮ ಅಮ್ಮಂದಿರೇ ಕೊಟ್ಟು ಕಳಿಸುತ್ತಿದ್ದ ಪಿನ್ನು ಅದು. ಚುಚ್ಚಿಸಿಕೊಂಡವನು ಕೈ ಎಳೆದುಕೊಂಡು ಎರಡು ಹೆಜ್ಜೆ ಆಚೆ ಹೋಗಿ ಇನ್ನೊಬ್ಬಳ ಹಿಂದೆ ನಿಲ್ಲುತ್ತಿದ್ದ. ಕಂಡಕ್ಟರು ಕಂಡರೂ ಕಾಣದವರಂತೆ ಟಿಕೆಟ್ ಹರಿಯುತ್ತಿದ್ದರು. ಸೀಟಿನಲ್ಲಿ ಕೂತಿದ್ದ ಯಜಮಾನರು ಕಿಟಕಿಯಾಚೆ ನೋಡುತ್ತಿದ್ದರು. ಹಿಂದಿನ ಸೀಟಿನ ಹುಡುಗರು ಕಿಸಕ್ಕನೆ ನಗುತ್ತಿದ್ದರು. ಕೆಟ್ಟ ಕೆಲಸ ಮಾಡುತ್ತಿದ್ದವನು ಒಬ್ಬನೇ. ಅದಕ್ಕೆ ಅವನಿಗೆ ಧೈರ್ಯ ಬರುತ್ತಿದ್ದದ್ದು ಬಸ್ಸಿನಲ್ಲಿದ್ದ ಮಿಕ್ಕವರಿಂದ.

ಇಷ್ಟು ವರ್ಷ ಮಕ್ಕಳ ಮಧ್ಯೆ ಇದ್ದು ನಾನು ಕಂಡುಕೊಂಡದ್ದು ಇದೇ. ಲೈಂಗಿಕ ದೌರ್ಜನ್ಯ ಮಾಡುವವರು ಊರಿನಲ್ಲಿ ಕೆಲವರೇ ಇರುತ್ತಾರೆ. ಆದರೆ ಸುತ್ತ ಇರುವವರ ನಗು, ಮೌನ, ‘ಹೋಗ್ಲಿ ಬಿಡು’ ಎನ್ನುವ ಮಾತು ಇಲ್ಲದೆ ಅವರು ಬಹಳ ದಿನ ನಡೆಯಲಾರರು. ನಾನು ಈವತ್ತು ಮಾತಾಡುತ್ತಿರುವುದು ಆ ಸುತ್ತ ಇರುವವರ ಜೊತೆ. ಅಂದರೆ ನಿಮ್ಮ ಜೊತೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿ. ಅಪಾಯ ಎಂದರೆ ಕತ್ತಲ ಗಲ್ಲಿಯಲ್ಲಿ ಕಾಯುತ್ತಿರುವ ಅಪರಿಚಿತ ಎಂದು ಎಲ್ಲರೂ ನಂಬಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಹೇಳುತ್ತ ಬಂದಿರುವುದು ಬೇರೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಆಕೆಗೆ ಗೊತ್ತಿದ್ದವನೇ. ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವನು, ಮದುವೆಯಾಗುತ್ತೇನೆಂದು ನಂಬಿಸಿದವನು. ಅವನನ್ನು ಬಲ್ಲವರೂ ಇರುತ್ತಾರೆ. ಅವನ ಮಾತು, ಚಾಳಿ ಮೊದಲಿನಿಂದ ಅವರಿಗೆ ಗೊತ್ತಿರುತ್ತದೆ. ‘ಅವನು ಸ್ವಲ್ಪ ಹಾಗೇನೇ’ ಎಂದು ಹೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಅವರ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಊರು ಬಿಟ್ಟು ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿ. ಅದೇ ಆಸ್ಪತ್ರೆಯ ಡಾಕ್ಟರೊಬ್ಬರ ಜೊತೆ ಮದುವೆ ಗೊತ್ತಾಗಿತ್ತು. 1973ರ ನವೆಂಬರ್ 27ರ ರಾತ್ರಿ ಕೆಲಸ ಮುಗಿಸಿ ಬಟ್ಟೆ ಬದಲಿಸಲು ಹೋದಾಗ ಅಲ್ಲೇ ಕೆಲಸಕ್ಕಿದ್ದ ಒಬ್ಬ ಆಕೆಯ ಮೇಲೆ ಎರಗಿದ. ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದದ್ದರಿಂದ ಮೆದುಳಿಗೆ ಆಮ್ಲಜನಕ ನಿಂತುಹೋಯಿತು. ಆಗ ಆಕೆಗೆ 25 ವರ್ಷ. ಸಾಯುವವರೆಗೂ, ಅಂದರೆ 2015ರ ಮೇ 18ರವರೆಗೂ, ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದರು.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಇನ್ನೊಂದಿದೆ. ಅಪರಾಧಿಗೆ ಆದದ್ದು ಏಳು ವರ್ಷದ ಸಜೆ. ಅದು ಕೊಲೆ ಯತ್ನಕ್ಕೆ ಮತ್ತು ದರೋಡೆಗೆ. ಲೈಂಗಿಕ ಆಕ್ರಮಣದ ಆರೋಪವನ್ನು ಹೊರಿಸಲೇ ಇಲ್ಲ. ಹುಡುಗಿಯ ಮರ್ಯಾದೆ ಹೋದೀತು, ಗೊತ್ತಾದ ಮದುವೆ ಮುರಿದೀತು ಎಂದು ಮೇಲಿನವರು ಆ ಮಾತನ್ನೇ ದೂರಿನಿಂದ ಬಿಟ್ಟರು. ಅವರು ಕೇಡು ಬಯಸಿದವರೇನಲ್ಲ, ಆಕೆಯ ಒಳ್ಳೆಯದಕ್ಕೆಂದೇ ಹಾಗೆ ಮಾಡಿದರು. ಮದುವೆಯೂ ಆಗಲಿಲ್ಲ, ಆಕೆ ಏಳಲೂ ಇಲ್ಲ. ಆ ಮರ್ಯಾದೆಯ ನೆರಳಿನಲ್ಲಿ ಉಳಿದುಕೊಂಡವನು ಅಪರಾಧಿ ಒಬ್ಬನೇ. ಶಿಕ್ಷೆ ಮುಗಿಸಿಕೊಂಡು ಹೊರಬಂದ. ಇನ್ನೊಂದು ಕಡೆ, ಆಕೆಯನ್ನು ಕೈಬಿಡದೆ ನೋಡಿಕೊಂಡವರೂ ಸುತ್ತ ಇದ್ದವರೇ. ಜೊತೆಯ ನರ್ಸುಗಳು ಆಗ ಮುಷ್ಕರ ಹೂಡಿದರು. ಅವರು ನಿವೃತ್ತರಾದ ಮೇಲೆ ಬಂದವರು, ಆಕೆ ನಡೆದಾಡಿದ್ದನ್ನು ನೋಡಿಯೇ ಇರದವರು, ತಲೆ ಬಾಚಿ, ತುತ್ತು ಉಣಿಸಿ, ಬೆನ್ನಿನಲ್ಲಿ ಹುಣ್ಣಾಗದಂತೆ ಮಗ್ಗುಲು ಬದಲಿಸಿ ನೋಡಿಕೊಂಡರು. ಆಕೆಗೆ ದಯಾಮರಣ ಕೋರಿದ್ದ ಅರ್ಜಿಯ ಮೇಲಿನ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮನಸಾರೆ ಹೊಗಳಿತು.

ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವುದು ಆ ಕಾಲಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ದುಂಡಗಿನ ಅಕ್ಷರ, ಪ್ರಬಂಧದಲ್ಲಿ ಯಾವಾಗಲೂ ಮುಂದು. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿಯಲ್ಲಿದ್ದ ಯುವಕನೊಬ್ಬ ದಿನಾ ಬೈಕಿನಲ್ಲಿ ಹಿಂದೆ ಬರುತ್ತಿದ್ದ, ದಾರಿಗೆ ಅಡ್ಡ ನಿಲ್ಲುತ್ತಿದ್ದ, ಒಮ್ಮೆ ಕೈ ಹಿಡಿದು ಎಳೆದ. ಹುಡುಗಿ ಮನೆಯಲ್ಲಿ ಹೇಳಿದಳು. ಮನೆಯವರು ಮಾಡಿದ್ದೇನು? ಶಾಲೆ ಬಿಡಿಸಿದರು. ವರ್ಷ ತುಂಬುವುದರೊಳಗೆ ದೂರದ ಸಂಬಂಧ ನೋಡಿ ಮದುವೆ ಮಾಡಿ ಕಳಿಸಿದರು. ಬಿಡಿಸಬೇಡಿ ಎಂದು ಮನೆಯವರೆಗೂ ಹೋಗಿ ಕೇಳಿಕೊಂಡೆವು. ‘ಊರ ಬಾಯಿ ಮುಚ್ಚೋಕಾಗುತ್ತಾ ಟೀಚರ್’ ಎಂದರು ತಂದೆ. ಮಾರನೆಯ ವರ್ಷ ಅದೇ ಯುವಕ ಅದೇ ಅಂಗಡಿಯ ಮುಂದೆ ನಿಂತು ಇನ್ನೊಬ್ಬಳ ದಾರಿ ಕಾಯುತ್ತಿದ್ದ. ಅವನ ಜೊತೆ ಟೀ ಕುಡಿಯುವ ನಾಲ್ಕಾರು ಗೆಳೆಯರು ಯಾವಾಗಲೂ ಇರುತ್ತಿದ್ದರು. ಕೆಟ್ಟ ಹುಡುಗರಲ್ಲ ಅವರು, ನಾನೇ ಪಾಠ ಹೇಳಿದ ಮಕ್ಕಳು. ಅವರಲ್ಲಿ ಒಬ್ಬ ‘ಲೋ, ಸಾಕು ಬಾರೋ, ಅವಳಿಗೆ ಇಷ್ಟ ಇಲ್ಲ’ ಎಂದಿದ್ದರೆ ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುತ್ತಿದ್ದಳೋ ಏನೋ.

ತಮ್ಮಂದಿರೇ, ‘ಹಿಂದೆ ಬಿದ್ದರೆ ಒಲಿಯುತ್ತಾಳೆ’ ಎಂಬ ಪಾಠವನ್ನು ಸಿನಿಮಾಗಳು ನಿಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿವೆ. ಬೇಡ ಎಂದವಳ ಹಿಂದೆ ಹಾಡು ಹೇಳಿಕೊಂಡು ಸುತ್ತುವವನೇ ನಾಯಕ. ತೆರೆಯ ಮೇಲಿನ ನಾಯಕಿ ಕೊನೆಗೆ ನಗುವುದು ಹಾಗೆಂದು ಬರೆದುಕೊಟ್ಟಿರುವುದರಿಂದ. ನಿಮ್ಮ ಬೀದಿಯ ಹುಡುಗಿ ಹೆದರುತ್ತಾಳೆ, ದಾರಿ ಬದಲಿಸುತ್ತಾಳೆ, ಟ್ಯೂಷನ್ ಬಿಡುತ್ತಾಳೆ. ಬೇಡವೆಂದ ಮೇಲೂ ಹಿಂಬಾಲಿಸುವುದು, ಮತ್ತೆ ಮತ್ತೆ ಮೆಸೇಜ್ ಮಾಡುವುದು, ಅವಳ ಇನ್‌ಸ್ಟಾಗ್ರಾಂ ಕಾಯುತ್ತ ಕೂರುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸಜೆ ಇದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಒಬ್ಬಳು ನಿಮ್ಮನ್ನು ಕಂಡು ದಾರಿ ಬದಲಿಸುತ್ತಿದ್ದಾಳೆ ಎಂದು ಗೊತ್ತಾದ ದಿನವೇ ನಿಲ್ಲಿಸಿಬಿಡಿ. ಇಲ್ಲ ಎನ್ನಿಸಿಕೊಳ್ಳುವುದರಿಂದ ನೋವಾಗುತ್ತದೆ, ನಿಜ. ಆ ನೋವನ್ನು ತಡೆದುಕೊಳ್ಳಲು ಕಲಿಯುವುದು ದೊಡ್ಡವರಾಗುವುದರ ಒಂದು ಭಾಗ.

ಒಪ್ಪಿಗೆ ಎಂಬುದನ್ನೂ ಸರಿಯಾಗಿ ತಿಳಿದುಕೊಳ್ಳಿ. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ ಎಂಬಂಥ ಕಾರಣ ಕೊಟ್ಟು ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಡುಗಡೆ ಮಾಡಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮುಂತಾದ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶದ ಹೆಣ್ಣುಮಕ್ಕಳು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಇವತ್ತಿನ ಕಾನೂನು ಸ್ಪಷ್ಟವಾಗಿದೆ. ಒಪ್ಪಿಗೆ ಎಂದರೆ ಮಾತಿನಲ್ಲೋ ಸನ್ನೆಯಲ್ಲೋ ಸ್ವಂತ ಇಚ್ಛೆಯಿಂದ, ಅನುಮಾನಕ್ಕೆ ಎಡೆಯಿಲ್ಲದಂತೆ ಕೊಟ್ಟದ್ದು. ಪ್ರತಿಭಟಿಸಲಿಲ್ಲ ಎಂದಮಾತ್ರಕ್ಕೆ ಒಪ್ಪಿದಳು ಎಂದಾಗುವುದಿಲ್ಲ. ಹೆದರಿಕೆಯಿಂದ ಮಾತು ಹೊರಡದೇ ಇರಬಹುದು, ಕೈಕಾಲು ಮರಗಟ್ಟಬಹುದು. ಸುಮ್ಮನಿದ್ದಾಳೆ, ಒಪ್ಪಿಗೆಯೇ ಇರಬೇಕು ಎಂದು ನೀವೇ ತೀರ್ಮಾನಿಸಬೇಡಿ, ಕೇಳಿ. ಕುಡಿದು ಮೈಮರೆತವಳ ಹೂಂಗುಟ್ಟುವಿಕೆ ಒಪ್ಪಿಗೆಯಲ್ಲ. ಹದಿನೆಂಟು ತುಂಬದವರು ಒಪ್ಪಿದರೂ ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಬೆಲೆಯಿಲ್ಲ. ಪಿಯುಸಿ ವಯಸ್ಸಿನ ಪ್ರೀತಿಗಳು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಮೊಕದ್ದಮೆಯಾಗಿ ಎರಡು ಮನೆಗಳೂ ಕೋರ್ಟು ಅಲೆಯುವುದನ್ನು ನಾನು ಕಂಡಿದ್ದೇನೆ, ಅದಕ್ಕೇ ಈ ಮಾತನ್ನು ಬಿಡಿಸಿ ಹೇಳುತ್ತಿದ್ದೇನೆ.

ನಮ್ಮ ಕಾಲದಲ್ಲಿ ಇಲ್ಲದಿದ್ದ ಒಂದು ಕೆಡುಕು ಈಗ ನಿಮ್ಮ ಜೇಬಿನಲ್ಲಿದೆ. 2024ರ ಏಪ್ರಿಲ್‌ನಲ್ಲಿ, ಚುನಾವಣೆಯ ಹೊತ್ತಿನಲ್ಲಿ, ಹಾಸನದಲ್ಲಿ ಪೆನ್‌ಡ್ರೈವ್‌ಗಳನ್ನು ಹಂಚಲಾಯಿತು. ಹೆಣ್ಣುಮಕ್ಕಳ ಮುಖ ಮರೆಮಾಡದ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಅವುಗಳಲ್ಲಿದ್ದವು. ಪೆನ್‌ಡ್ರೈವ್ ಹಂಚಿದವರು ಕೆಲವರಿರಬಹುದು. ಅವನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದವರು, ‘ನಿನಗೆ ಬಂತಾ, ನನಗೂ ಕಳ್ಸು’ ಎಂದು ಕೇಳಿ ತರಿಸಿಕೊಂಡವರು ಎಷ್ಟು ಜನ? ಟೀ ಅಂಗಡಿಯಲ್ಲಿ, ಹಾಸ್ಟೆಲಿನಲ್ಲಿ, ಮದುವೆ ಮನೆಯ ಹಿಂದೆ ನಿಂತು ನೋಡಿದವರಲ್ಲಿ ಒಳ್ಳೆಯ ಮನೆಯ ಮಕ್ಕಳೂ ಇದ್ದರು. ನೋಡುವಾಗ ಅವರಿಗೆ ಕಂಡದ್ದು ರಾಜಕೀಯ, ಮಜಾ. ಆ ಹೆಂಗಸರಿಗೆ ಗಂಡ, ಮಕ್ಕಳು, ಅತ್ತೆಮನೆ, ದಿನಾ ನಡೆಯಬೇಕಾದ ಬೀದಿ ಇತ್ತು. ಮೇ 30ರಂದು ರಾಜ್ಯದ ಬೇರೆ ಬೇರೆ ಕಡೆಯಿಂದ ಜನ ‘ಹಾಸನ ಚಲೋ’ ಎಂದು ಬಂದು, ನಿಮ್ಮ ಜೊತೆ ನಾವಿದ್ದೇವೆ ಎಂದು ಆ ಹೆಣ್ಣುಮಕ್ಕಳಿಗೆ ಹೇಳಬೇಕಾಯಿತು.

ಇಂಥದ್ದು ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಬೇಡ ಎಂದು ಕಳಿಸಿದವನಿಗೇ ಬರೆಯಿರಿ, ಗ್ರೂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿರಿ. ಒಬ್ಬ ಬರೆದರೆ, ಸುಮ್ಮನಿದ್ದ ಇನ್ನಿಬ್ಬರಿಗೆ ಬಾಯಿ ಬರುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಗುರುತು ಹೊರಹಾಕುವುದೂ ಅಪರಾಧವೇ, ಎರಡು ವರ್ಷದವರೆಗೆ ಶಿಕ್ಷೆಯಿದೆ. ಪ್ರೀತಿಸಿದ ಹುಡುಗಿ ತಾನೇ ಒಪ್ಪಿ ತೆಗೆಸಿಕೊಂಡ ಖಾಸಗಿ ಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಗೆಳೆಯನಿಗೆ ಕಳಿಸಿದರೂ ಅಪರಾಧ. ತಂಗಿಯರೇ, ಅಂಥ ಚಿತ್ರ ಇಟ್ಟುಕೊಂಡು ಯಾರಾದರೂ ಹೆದರಿಸುತ್ತಿದ್ದರೆ ಹಣ ಕೊಡಬೇಡಿ, ಅವನು ಕರೆದಲ್ಲಿಗೆ ಹೋಗಬೇಡಿ. ಮೆಸೇಜುಗಳನ್ನು ಅಳಿಸದೆ ಉಳಿಸಿಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಚಿತ್ರ ಹೊರಬಂದರೂ ಬದುಕು ಅಲ್ಲಿಗೆ ಮುಗಿಯುವುದಿಲ್ಲ. ನಾಚಿಕೊಳ್ಳಬೇಕಾದವನು ಕಳಿಸಿದವನು.

ಗಂಡುಮಕ್ಕಳಿಗೆ ಇದು ತಟ್ಟುವುದಿಲ್ಲ ಎಂಬುದೂ ಸುಳ್ಳು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನ 13 ರಾಜ್ಯಗಳ 12,000ಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿತ್ತು. ನೂರರಲ್ಲಿ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು; ಅವರಲ್ಲಿ ಗಂಡುಮಕ್ಕಳು ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇದ್ದರು. ಮಾಡಿದವರಲ್ಲಿ ಸುಮಾರು ಅರ್ಧ ಜನ ಮಗುವಿಗೆ ಗೊತ್ತಿದ್ದವರು, ಅದು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಹುಡುಗ ಅಳಬಾರದು, ಹುಡುಗನಿಗೆ ಏನಾಗುತ್ತದೆ ಎಂದು ನಾವು ಹೇಳಿಟ್ಟ ಮೇಲೆ ಅವನು ಯಾರಿಗೆ ಹೇಳಿಕೊಂಡಾನು? ಈ ಅಧ್ಯಯನದ ನಂತರವೂ ಐದು ವರ್ಷ ಕಾಯಬೇಕಾಯಿತು. 2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಅದು ಹುಡುಗ ಹುಡುಗಿ ಎಂಬ ಭೇದ ಮಾಡುವುದಿಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ತಿಳಿಸದೇ ಇರುವುದನ್ನೂ ಅದು ಅಪರಾಧವೆನ್ನುತ್ತದೆ. ಪಕ್ಕದಲ್ಲಿ ನಿಂತವರು ಸುಮ್ಮನಿರುವಂತಿಲ್ಲ ಎಂದು ಕಾನೂನೇ ಹೇಳಿದ್ದು ನನಗೆ ಬಹಳ ಸಮಾಧಾನ ಕೊಟ್ಟ ವಿಷಯ.

ಘಟನೆ ನಡೆದಾಗ ನಿಮ್ಮ ವಯಸ್ಸಿನವರ ರಕ್ತ ಕುದಿಯುತ್ತದೆ. ಗಲ್ಲಿಗೇರಿಸಿ, ಗುಂಡಿಕ್ಕಿ ಎಂದು ಸ್ಟೇಟಸ್ ಹಾಕುತ್ತೀರಿ. ಸಿಟ್ಟು ಬರಲೇಬೇಕು. ಆದರೆ ಆ ಸಿಟ್ಟು ಕ್ಯಾಂಡಲ್ ಹಚ್ಚಿದ ಸಂಜೆಗೇ ಮುಗಿದುಹೋದರೆ ಪ್ರಯೋಜನವಿಲ್ಲ. 2012ರ ಡಿಸೆಂಬರಿನ ದೆಹಲಿಯ ಚಳಿಯಲ್ಲಿ, ಅಲ್ಲಿ ನಡೆದ ಸಾಮೂಹಿಕ ಅತ್ಯಾಚಾರವನ್ನು ಖಂಡಿಸಿ, ನಿಮ್ಮಂಥ ಹುಡುಗ ಹುಡುಗಿಯರೇ ಇಂಡಿಯಾ ಗೇಟಿನ ಹತ್ತಿರ ನೀರಿನ ಫಿರಂಗಿಗೆ ಎದೆಗೊಟ್ಟು ನಿಂತರು. ಅದರಿಂದಾಗಿ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಸುಮಾರು 80,000 ಸಲಹೆಗಳನ್ನು ನೋಡಿ 2013ರ ಜನವರಿ 23ಕ್ಕೆ ವರದಿ ಕೊಟ್ಟಿತು. ಆ ಸಮಿತಿ ಗಲ್ಲು ಶಿಕ್ಷೆ ಬೇಕೆನ್ನಲಿಲ್ಲ. ಅದು ಒತ್ತಿ ಹೇಳಿದ್ದು ದೂರು ತೆಗೆದುಕೊಳ್ಳದ ಪೊಲೀಸರ ಬಗ್ಗೆ, ಶಾಲೆಯಲ್ಲಿ ಮಕ್ಕಳಿಗೆ ಕೊಡಬೇಕಾದ ತಿಳಿವಳಿಕೆಯ ಬಗ್ಗೆ. ಹಿಂಬಾಲಿಸುವುದು, ಮರೆಯಲ್ಲಿ ನಿಂತು ಚಿತ್ರ ತೆಗೆಯುವುದು ಅಪರಾಧವೆಂದು ಕಾನೂನಿಗೆ ಸೇರಿದ್ದು ಆಮೇಲೆ. ಇದನ್ನು ತಂದುಕೊಟ್ಟವರು ಯುವಕರು ಎಂಬುದನ್ನು ಮರೆಯಬೇಡಿ.

ಕೆಲಸಕ್ಕೆ ಸೇರಿರುವವರಿಗೆ ಒಂದು ಮಾತು. 1992ರಲ್ಲಿ ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಭಂವರಿ ದೇವಿ ಎಂಬ ಸರ್ಕಾರಿ ಕಾರ್ಯಕರ್ತೆ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಅತ್ಯಾಚಾರಕ್ಕೆ ಒಳಗಾದರು. ಊರು ಆಕೆಯನ್ನು ದೂರ ಇಟ್ಟಿತು, ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆದರೂ ಆಕೆ ಹೇಳುವುದನ್ನು ನಿಲ್ಲಿಸಲಿಲ್ಲ. ಅದರಿಂದ ಹುಟ್ಟಿದ್ದು ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು, ಆಮೇಲೆ ಅದೇ ವಿಷಯದ 2013ರ ಕಾಯ್ದೆ. ಹತ್ತು ಜನ ಕೆಲಸಗಾರರಿರುವ ಯಾವುದೇ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ನಿಮ್ಮ ಆಫೀಸಿನಲ್ಲಿ, ಗಾರ್ಮೆಂಟ್ಸಿನಲ್ಲಿ, ಕಾಲೇಜಿನಲ್ಲಿ ಅದರ ಸದಸ್ಯರು ಯಾರೆಂದು ಸೇರಿದ ವಾರದಲ್ಲೇ ಕೇಳಿ ತಿಳಿದುಕೊಳ್ಳಿ. ಕಿರುಕುಳವಾದರೆ ಮೂರು ತಿಂಗಳೊಳಗೆ ದೂರು ಕೊಡಿ.

ಇನ್ನು, ಒಂದು ದಿನ ನಿಮ್ಮ ಗೆಳತಿಯೋ, ತಮ್ಮನೋ, ಪಕ್ಕದ ಮನೆಯ ಮಗುವೋ ನಿಮ್ಮ ಹತ್ತಿರ ಬಂದು ‘ಹೀಗಾಯಿತು’ ಎನ್ನಬಹುದು. ಆ ಹೊತ್ತಿನಲ್ಲಿ ನೀವು ಆಡುವ ಮೊದಲ ಮಾತು ಬಹಳ ಮುಖ್ಯ. ‘ಅಲ್ಲಿಗೆ ಯಾಕೆ ಹೋದೆ’, ‘ಆಗಲೇ ಯಾಕೆ ಹೇಳಲಿಲ್ಲ’ ಎಂದು ಕೇಳಬೇಡಿ. ‘ನಂಬ್ತೀನಿ, ನಿನ್ನ ತಪ್ಪಿಲ್ಲ, ನಾನು ಜೊತೆಗೆ ಬರ್ತೀನಿ’ ಎನ್ನಿ. ಸ್ನಾನ ಮಾಡಬೇಡ, ಹಾಕಿದ್ದ ಬಟ್ಟೆ ಒಗೆಯಬೇಡ, ಕಾಗದದ ಚೀಲದಲ್ಲಿ ಎತ್ತಿಡು ಎಂದು ಹೇಳಿ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತಲ್ಲ, ಮನೆಗೆಲಸದ ಹೆಣ್ಣುಮಗಳೊಬ್ಬಳು ಕೊಟ್ಟ ದೂರು ಅದು. ಆಕೆಯ ಒಂದು ಸೀರೆ ಅಲ್ಲಿ ಮುಖ್ಯ ಸಾಕ್ಷ್ಯವಾಗಿತ್ತು.

ಆಸ್ಪತ್ರೆ ಸರ್ಕಾರಿಯಾಗಲಿ, ಖಾಸಗಿಯಾಗಲಿ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಘಟನೆ ಎಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಬರೆದುಕೊಳ್ಳಲೇಬೇಕು. ‘ನಮ್ಮ ಸರಹದ್ದಲ್ಲ’ ಎಂದರೆ ಝೀರೊ ಎಫ್‌ಐಆರ್ ಎಂದು ಹೇಳಿ. ಅತ್ಯಾಚಾರಕ್ಕೆ ಒಳಗಾದವರ ವೈದ್ಯಕೀಯ ತಪಾಸಣೆಯ ಹೆಸರಿನಲ್ಲಿ ಹಳೆಯ ಎರಡು ಬೆರಳಿನ ಪರೀಕ್ಷೆಯನ್ನು ಯಾರಾದರೂ ಮಾಡಿದರೆ ಅದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಊರಿನ ಹಿರಿಯರು ರಾಜಿ ಪಂಚಾಯಿತಿಗೆ ಕೂರಬಹುದು, ‘ಅವನಿಗೇ ಕೊಟ್ಟು ಮದುವೆ ಮಾಡಿಬಿಡೋಣ’ ಎನ್ನಲೂಬಹುದು. ನನ್ನ ವಯಸ್ಸಿನವರೇ ಹಾಗೆ ಹೇಳುತ್ತಾರೆ, ಅವರಿಗೆ ಎದುರು ಹೇಳಿ. ಹಿರಿಯರಿಗೆ ಎದುರಾಡಬಾರದು ಎಂದು ಕಲಿಸಿದವಳೇ ಹೇಳುತ್ತಿದ್ದೇನೆ, ಈ ಒಂದು ವಿಷಯದಲ್ಲಿ ಎದುರಾಡಿ. ಅತ್ಯಾಚಾರಕ್ಕೆ ರಾಜಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿಯಾಗಿದೆ.

ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ತಮ್ಮನೋ ತಂಗಿಯೋ ಇದ್ದರೆ ಈ ಭಾನುವಾರ ಜೊತೆಯಲ್ಲಿ ಕೂತುಕೊಳ್ಳಿ. ಮೈಮೇಲೆ ಯಾರ ಕೈ ಇಷ್ಟವಾಗದಿದ್ದರೂ ಬೇಡ ಎನ್ನಬಹುದು, ಅವರು ಮಾವನಾಗಿರಲಿ, ಮೇಷ್ಟ್ರಾಗಿರಲಿ ಎಂದು ಹೇಳಿಕೊಡಿ. ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112, ಈ ಮೂರು ನಂಬರುಗಳನ್ನು ಬಾಯಿಪಾಠ ಮಾಡಿಸಿ. ಏನಾದರೂ ಆದರೆ ನನಗೆ ಹೇಳು, ನಾನು ಬೈಯುವುದಿಲ್ಲ ಎಂದು ಮಾತು ಕೊಡಿ, ಕೊಟ್ಟ ಮಾತಿಗೆ ನಡೆದುಕೊಳ್ಳಿ.